ಜಗನ್ಮೋಹನ ಅರಮನೆಯ ಚಿತ್ರಶಾಲೆ ಮತ್ತು ಜೇಮ್ಸ್ ಕಸಿನ್ಸ್

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಭಾರತೀಯ ಚಿತ್ರಗಳ ವಿಭಾಗವು 1924ರಲ್ಲಿ ವ್ಯವಸ್ಥಿತ ರೂಪ ಪಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಈ ಕಾರ್ಯವನ್ನು ನೆರವೇರಿಸಿದವರು ಐರಿಷ್ ಕವಿ ಹಾಗೂ ಕಲಾವಿಮರ್ಶಕ ಜೇಮ್ಸ್ ಹೆನ್ರಿ ಕಸಿನ್ಸ್ (1873–1956).

ಬೆಲ್‌ಫಾಸ್ಟ್‌ನಲ್ಲಿ ಜನಿಸಿದ ಕಸಿನ್ಸ್ ಡಬ್ಲಿನ್ನಿನಲ್ಲಿ ಐರಿಷ್ ಸಾಹಿತ್ಯ ಪುನರುಜ್ಜೀವನದ ಬಳಗದಲ್ಲಿದ್ದು, 1915ರಲ್ಲಿ ಆನಿ ಬೆಸೆಂಟರ ಕರೆಯ ಮೇರೆಗೆ ಭಾರತಕ್ಕೆ ಬಂದರು. ಮರುವರ್ಷ ಡಬ್ಲಿನ್ನಿನ ಈಸ್ಟರ್ ದಂಗೆಯನ್ನು ಪ್ರಶಂಸಿಸಿ ಬರೆದ ಲೇಖನದಿಂದಾಗಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯ ಕೆಲಸ ಕಳೆದುಕೊಂಡು, ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜನ್ನು ಸೇರಿದರು. ವಸಾಹತಿನ ನೋವನ್ನು ಬಲ್ಲ ಈ ಮನಸ್ಸಿಗೆ ಅವನೀಂದ್ರನಾಥ ಠಾಕೂರರ ಬಂಗಾಳ ಶೈಲಿಯಲ್ಲಿ ರಾಷ್ಟ್ರದ ಆತ್ಮವೇ ಕಂಡುದು ಸಹಜ. 1918ರ ‘ದಿ ರಿನೈಸಾನ್ಸ್ ಇನ್ ಇಂಡಿಯಾ’ ಈ ನಿಲುವಿನ ಕೃತಿ.

ಮೈಸೂರಿನಲ್ಲಿ ಅವರಿಗೆ ಎದುರಾದುದು ಬರಿಗೋಡೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಆ ಅರಮನೆಯಲ್ಲಿ ಮೈಸೂರು ಸಂಪ್ರದಾಯದ ಭಿತ್ತಿಚಿತ್ರಗಳಿದ್ದವು. ಒಡೆಯರ ವಂಶಾವಳಿಯನ್ನು ಕಮಲದ ಎಸಳುಗಳಲ್ಲಿ ನಿರೂಪಿಸುವ ‘ಸಂತಾನಾಂಬುಜ’ ಅವುಗಳಲ್ಲೊಂದು. ಅರಮನೆಯ ಸಂಗ್ರಹದಲ್ಲಿ ರವಿವರ್ಮನ ತೈಲಚಿತ್ರಗಳೂ ಇದ್ದವು. ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮನನ್ನು ಪಾಶ್ಚಾತ್ಯಾನುಕರಣೆಯೆಂದು ತಳ್ಳಿಹಾಕಿದ್ದರು. ಕಸಿನ್ಸರ ಒಲವೂ ಈ ಪಕ್ಷದ್ದೇ. ಹೀಗೆ ಚಿತ್ರಗಾರ ಮನೆತನಗಳ ಕುಲಕಸುಬು, ರವಿವರ್ಮನ ವಾಸ್ತವಶೈಲಿ, ಬಂಗಾಳದ ನವ್ಯರೇಖೆ ಮೂರೂ ಒಂದೇ ಸೂರಿನಡಿ ಸೇರಿದವು.

ಚಿತ್ರಗಳನ್ನು ಆಯ್ದು ಜೋಡಿಸುವುದೂ ಒಂದು ಬಗೆಯ ವಿಮರ್ಶೆಯೇ. ಕಸಿನ್ಸರ ಸೇವೆ ನಿಸ್ಸಂದೇಹವಾಗಿ ದೊಡ್ಡದು. ಆದರೆ ‘ಭಾರತೀಯತೆ’ಯ ಅವರ ಅಳತೆಗೋಲು ಡಬ್ಲಿನ್ನಿನಲ್ಲಿ ರೂಪುಗೊಂಡು ಕಲ್ಕತ್ತೆಯಲ್ಲಿ ಗಟ್ಟಿಯಾದುದು, ಮೈಸೂರಿನ ಚಿತ್ರಗಾರರ ಕೇರಿಯಲ್ಲಿ ಹುಟ್ಟಿದುದಲ್ಲ. ಹಲಗೆಗೆ ಬಟ್ಟೆಯಂಟಿಸಿ, ಗೆಸ್ಸೋ ಲೇಪದಿಂದ ಉಬ್ಬುಗೆಲಸ ಮಾಡಿ ಚಿನ್ನದ ರೇಕು ಕೂರಿಸುತ್ತಿದ್ದ ಕುಶಲಿಗೆ ‘ಪುನರುಜ್ಜೀವನ’ವೆಂಬ ಮಾತು ಅಪರಿಚಿತವೆನಿಸಿದ್ದೀತು, ಅವನ ಪಾಲಿಗೆ ಆ ವಿದ್ಯೆ ಸತ್ತೇ ಇರಲಿಲ್ಲ. ಬಂಗಾಳದ ಮೋಹದಲ್ಲಿ ಈ ಸಂಗತಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲವೆನ್ನಬೇಕು.

ಮೈಸೂರಿನ ಅನುಭವ ತಿರುವಾಂಕೂರಿನಲ್ಲಿ ಫಲಿಸಿತು. ಆ ಸಂಸ್ಥಾನದ ಕಲಾಸಲಹೆಗಾರರಾಗಿ ಕಸಿನ್ಸ್ 1935ರಲ್ಲಿ ತಿರುವನಂತಪುರದ ಶ್ರೀ ಚಿತ್ರಾಲಯವನ್ನು ರೂಪಿಸಿದರು. ಅಲ್ಲಿಯೂ ಬಂಗಾಳದ ಚಿತ್ರಗಳೊಡನೆ ರವಿವರ್ಮನ ಕೃತಿಗಳಿಗೆ ಗೌರವದ ಸ್ಥಾನವನ್ನೇ ಕೊಡಬೇಕಾಯಿತು. ಅದು ರವಿವರ್ಮನ ತವರುನಾಡಷ್ಟೆ.