ಕ್ಷುದ್ರಪಶುಮನುಷ್ಯಪಥವೂ ಬೆಂಗಳೂರಿನ ಬಡಾವಣೆಗಳೂ

ಉದ್ಯೋಗನಿಮಿತ್ತವಾಗಿ ಹುಟ್ಟಿದೂರನ್ನು ಬಿಟ್ಟು ಬೆಂಗಳೂರನ್ನು ಸೇರುವವರ ಸಂಖ್ಯೆ ನಮ್ಮ ಜಿಲ್ಲೆಯಲ್ಲಿ ವರುಷವರುಷವೂ ಹೆಚ್ಚುತ್ತಿರುವುದು ವಾಚಕರಿಗೆ ತಿಳಿಯದ ವಿಷಯವಲ್ಲ. ಹಾಗೆ ಹೋಗುವವರು ಮೊದಲು ವಿಚಾರಿಸುವುದು ಬಾಡಿಗೆಯನ್ನು, ಆಮೇಲೆ ನೀರನ್ನು, ಅನಂತರ ಮಕ್ಕಳ ಶಾಲೆಯನ್ನು. ಬಾಗಿಲಿನಿಂದ ಹೊರಕ್ಕೆ ಕಾಲಿಟ್ಟರೆ ನಡೆಯಲು ದಾರಿಯುಂಟೇ, ಜೊತೆಯಲ್ಲಿ ಸಾಕಿದ ನಾಯಿಯೊಂದಿದ್ದರೆ ಅದಕ್ಕೆ ಆ ಮನೆಯಲ್ಲಿಯೂ ಆ ಬೀದಿಯಲ್ಲಿಯೂ ಸ್ಥಾನವುಂಟೇ ಎಂಬ ಎರಡು ಪ್ರಶ್ನೆಗಳು ಕಡೆಗೆ ಉಳಿದುಬಿಡುತ್ತವೆ. ಇವು ಹೊಸಕಾಲದವರ ಷೋಕಿಯ ಪ್ರಶ್ನೆಗಳೆಂದು ನಮ್ಮಲ್ಲಿ ಅನೇಕರು ನಗುವುದುಂಟು. ಆದರೆ ಎರಡೂ ಬಹು ಹಳೆಯವು. ಬೆಂಗಳೂರಿನ ಯಾವ ಭಾಗವು ಯಾವ ಕಾರಣದಿಂದ ಹುಟ್ಟಿತೆಂಬುದನ್ನು ಅರಿತವನಿಗೆ ಇವುಗಳ ಉತ್ತರ ಅರ್ಧ ದೊರೆತಂತೆಯೇ ಎಂದು ನನ್ನ ಅಭಿಪ್ರಾಯ.

ಮೊದಲು ದಾರಿಯ ವಿಚಾರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವೆಂಬ ಪ್ರಕರಣವುಂಟು. ಅದರಲ್ಲಿ ಆತನು ಪಟ್ಟಣದ ರಾಜಮಾರ್ಗಗಳಿಗೆ ಎಂಟು ದಂಡಗಳ, ರಥ್ಯೆಗಳಿಗೆ ನಾಲ್ಕು ದಂಡಗಳ ಅಗಲವನ್ನು ವಿಧಿಸಿ, ಆನೆಯ ದಾರಿ, ರಥದ ದಾರಿ, ದನದ ದಾರಿಗಳನ್ನೆಲ್ಲ ಎಣಿಸಿಕೊಂಡು ಬಂದು, ಕೊನೆಯಲ್ಲಿ ಎರಡು ಅರತ್ನಿಗಳ, ಎಂದರೆ ಸುಮಾರು ಮೂರು ಅಡಿಗಳ, ಒಂದು ಸಣ್ಣ ದಾರಿಯನ್ನು ಹೇಳುತ್ತಾನೆ. ಅದರ ಹೆಸರು ಕ್ಷುದ್ರಪಶುಮನುಷ್ಯಪಥ. ಸಣ್ಣ ಪ್ರಾಣಿಗಳೂ ಮನುಷ್ಯರೂ ಕೂಡಿ ನಡೆಯುವ ದಾರಿ. ಕಾಲ್ನಡೆಯ ಮನುಷ್ಯನನ್ನು ಆತನು ರಥದೊಡನೆ ಸೇರಿಸದೆ ಸಣ್ಣ ಪ್ರಾಣಿಗಳೊಡನೆ ಸೇರಿಸಿದನು. ವ್ಯವಹಾರವನ್ನು ಕುರಿತ ಮತ್ತೊಂದು ಅಧಿಕರಣದಲ್ಲಿ ಈ ದಾರಿಯನ್ನು ಅಡ್ಡಗಟ್ಟಿದವನಿಗೆ ಹನ್ನೆರಡು ಪಣಗಳ ದಂಡವನ್ನೂ ವಿಧಿಸಿದ್ದಾನೆ. ಇಂದು ಕಾಲುದಾರಿಯ ಮೇಲೆ ಮೋಟಾರು ಬೈಸಿಕಲ್ಲನ್ನು ನಿಲ್ಲಿಸಿ ಹೋಗುವ ಮಹಾಶಯರಿಗೆ ಈ ಹನ್ನೆರಡು ಪಣದ ನೆನಪನ್ನು ಮಾಡಿಕೊಡುವವರಾರು?

ಈ ಗ್ರಂಥದ ತಾಳೆಯೋಲೆಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. ಶಾಸ್ತ್ರಿಗಳು ಓಲೆಗಳನ್ನು ಓದುತ್ತಿದ್ದ ಆ ದಶಕದಲ್ಲಿಯೇ ಅದೇ ಸಂಸ್ಥಾನದ ಎಂಜಿನಿಯರುಗಳು ಬೆಂಗಳೂರಿನಲ್ಲಿ ಹೊಸ ಬೀದಿಗಳನ್ನು ಅಳೆಯುತ್ತಿದ್ದರು. ಒಬ್ಬರ ಕೆಲಸದ ಸುದ್ದಿ ಮತ್ತೊಬ್ಬರಿಗೆ ಮುಟ್ಟಿರಲಾರದು. ಆದರೂ ಈ ಏಕಕಾಲತೆ ನನಗೆ ಸೋಜಿಗವಾಗಿ ಕಾಣುತ್ತದೆ.

ಅವರು ಅಳೆದದ್ದೇಕೆಂಬುದಕ್ಕೆ ಹಳೆಯ ಪೇಟೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಪ್ರತೀತಿಯುಳ್ಳ ಪೇಟೆಯಲ್ಲಿ ದೊಡ್ಡಪೇಟೆಯ ಬೀದಿ ಉತ್ತರದಕ್ಷಿಣವಾಗಿಯೂ ಚಿಕ್ಕಪೇಟೆಯ ಬೀದಿ ಪೂರ್ವಪಶ್ಚಿಮವಾಗಿಯೂ ಹಾಯ್ದು ಒಂದನ್ನೊಂದು ಕತ್ತರಿಸುತ್ತವೆ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೆಸರೇ ಹೇಳುವಂತೆ ಕಸುಬು ಎಲ್ಲಿಯೋ ಮನೆ ಅಲ್ಲಿಯೇ. ಕೆಳಗೆ ಅಂಗಡಿ, ಹಿಂದೆ ಅಡಿಗೆಮನೆ, ಮುಂದೆ ಜಗಲಿ. ಕೆಲಸಕ್ಕೆ ಹೋಗುವುದೆಂಬ ಮಾತಿಗೆ ಅಲ್ಲಿ ಹೆಚ್ಚು ಅರ್ಥವಿರಲಿಲ್ಲ. ಇಡೀ ಪೇಟೆ ಕಾಲ್ನಡೆಯ ಪಟ್ಟಣವಾಗಿತ್ತು. ಆದರೆ ಗಾಳಿಬೆಳಕಿಗೆ ಅಲ್ಲಿ ಎಡೆಯಿರಲಿಲ್ಲ.

1881ರಲ್ಲಿ ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದ ಮೇಲೆಯೂ ಕಚೇರಿಗಳು ಬೆಂಗಳೂರಿನಲ್ಲಿಯೇ ಉಳಿದುವು. ಗುಮಾಸ್ತೆಗಳೂ ವಕೀಲರೂ ಉಪಾಧ್ಯಾಯರೂ ಜಿಲ್ಲೆಗಳಿಂದ ಬಂದು ಸೇರಿದರು. 1892ರಲ್ಲಿ ಚಾಮರಾಜಪೇಟೆಯ ಬೀದಿಗಳು ಏರ್ಪಟ್ಟುವು. ಅಷ್ಟರಲ್ಲಿ 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಮಾರಿ ಊರನ್ನು ಹೊಕ್ಕಿತು. ಇಲಿ ಸತ್ತ ಮನೆಯನ್ನು ಬಿಟ್ಟು ಜನರು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಆ ದಿನಗಳ ಕಥೆಗಳನ್ನು ನಮ್ಮ ಅಜ್ಜಿಯರು ಹೇಳಿದ್ದನ್ನು ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಸಂಸ್ಥಾನದ ಪ್ಲೇಗ್ ಕಮಿಷನರಾಗಿ ದುಡಿದ ವಿ. ಪಿ. ಮಾಧವರಾಯರು ಮುಂದೆ ದಿವಾನರೂ ಆದರು. ಪೇಟೆಯ ಇಕ್ಕಟ್ಟೇ ರೋಗದ ತೌರುಮನೆಯೆಂಬ ನಂಬಿಕೆಯಿಂದ ದಕ್ಷಿಣದಲ್ಲಿ ಬಸವನಗುಡಿಯೂ ಉತ್ತರದಲ್ಲಿ ಮಲ್ಲೇಶ್ವರವೂ ಬೆಳೆದುವು. ಮೊದಲನೆಯದಕ್ಕೆ ದೊಡ್ಡ ಬಸವನ ಗುಡಿಯಿಂದ ಹೆಸರಾಯಿತು, ಎರಡನೆಯದಕ್ಕೆ 1669ರ ಏಕೋಜಿಯ ಶಾಸನವುಳ್ಳ ಕಾಡುಮಲ್ಲೇಶ್ವರನ ದೇವಾಲಯದಿಂದ.

ನೇರವಾದ ಬೀದಿಗಳು, ಅವನ್ನು ಅಡ್ಡಹಾಯುವ ಕ್ರಾಸುಗಳು, ಮನೆಗಳ ಹಿಂದೆ ಜಾಡಮಾಲಿಗಳು ಬಂದುಹೋಗಲು ಕನ್ಸರ್ವೆನ್ಸಿ ಗಲ್ಲಿ, ಪ್ರತಿ ಮನೆಯ ಸುತ್ತ ಗಾಳಿಯಾಡುವಷ್ಟು ಜಾಗ, ನಡುನಡುವೆ ಉದ್ಯಾನ. ನಿವೇಶನಗಳ ಹಂಚಿಕೆಯಲ್ಲಿ ಜಾತಿಕೋಮುಗಳ ವಿಂಗಡಣೆಯೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಮೋಟಾರು ಇನ್ನೂ ಬಾರದ ಕಾಲವಾದ್ದರಿಂದ ಸಂತೆ, ಶಾಲೆ, ದೇವಸ್ಥಾನಗಳೆಲ್ಲ ಕಾಲಳತೆಯೊಳಗೆ ಇರಬೇಕಾಗಿತ್ತು. ಮಲ್ಲೇಶ್ವರದ ಎಂಟನೆಯ ಕ್ರಾಸಿನ ತರಕಾರಿಗಾಗಲಿ ಗಾಂಧಿಬಜಾರಿನ ಹೂವಿಗಾಗಲಿ ಸುತ್ತಲಿನ ಗೃಹಿಣಿಯರು ಚೀಲ ಹಿಡಿದು ನಡೆದೇ ಹೋಗುವ ವಾಡಿಕೆ ಇಂದಿಗೂ ನಿಂತಿಲ್ಲ. ರೋಗಭಯದಿಂದ ಹಾಕಿದ ಗೆರೆಗಳು ಇವು. ನಡೆದಾಡುವ ಸುಖ ಅದರೊಡನೆ ತಾನಾಗಿ ಬಂದಿತು.

ಇನ್ನು ನಾಯಿಯ ವಿಚಾರ. ಇದು ಅಷ್ಟು ಸುಲಭವಲ್ಲ.

ನಮ್ಮ ಪೂರ್ವಿಕರಿಗೆ ನಾಯಿಯ ವಿಷಯದಲ್ಲಿ ಎರಡು ಮನಸ್ಸು. ವೈಶ್ವದೇವದ ಬಲಿಯಲ್ಲಿ ನಾಯಿಗೆ ಅನ್ನದ ಭಾಗವುಂಟು. ಯಮನ ಶ್ಯಾಮಶಬಲರೆಂಬ ನಾಯಿಗಳ ಹೆಸರು ಹೇಳದ ಶ್ರೋತ್ರಿಯರಿಲ್ಲ. ದತ್ತಾತ್ರೇಯನ ಕಾಲಬಳಿ ನಾಲ್ಕು ನಾಯಿಗಳು. ಭಾರತದ ಮಹಾಪ್ರಸ್ಥಾನಪರ್ವದಲ್ಲಿ ಧರ್ಮರಾಯನು ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೇರಲು ಒಪ್ಪಲಿಲ್ಲ. ಹೊಸ ಊರಿನಲ್ಲಿ ಮನೆ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಮೇಲ್ಪಂಕ್ತಿಯಿಲ್ಲ. ಆದರೆ ಅದೇ ಶ್ರೋತ್ರಿಯನ ಮನೆಯ ಹೊಸ್ತಿಲನ್ನು ನಾಯಿ ದಾಟುವಂತಿಲ್ಲ. ಅನ್ನ ಹೊರಗೆ, ಮಡಿ ಒಳಗೆ. ಹೀಗೆ ಅಗ್ರಹಾರದಲ್ಲಿಯೂ ಪೇಟೆಯಲ್ಲಿಯೂ ನಾಯಿಯೆಂದರೆ ಬೀದಿಯ ಸ್ವತ್ತು, ಒಂದು ಮನೆಯದಲ್ಲ.

ಅರಸರ ಮನೆಗಳಲ್ಲಿ ಹಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂದು ಬೇಟೆನಾಯಿಗಳಿಗಾಗಿಯೇ ಒಂದು ಭಾಗವುಂಟು. ಅದಕ್ಕೂ ಹಿಂದಿನದು ಮದ್ದೂರಿನ ಬಳಿಯ ಆತಕೂರಿನ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು ತನ್ನ ಭಟನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದನು. ಆತನು ಭೂಮಿಯನ್ನೂ ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಕೂಡಿ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿಯನ್ನು ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವೆಂದು ಶಾಸನದಲ್ಲಿಯೇ ಬರೆದಿದೆ. ಕಾಲ ಸುಮಾರು ಕ್ರಿ. ಶ. 949. ಯೋಧರಿಗೆ ನಿಲ್ಲಿಸುತ್ತಿದ್ದ ವೀರಗಲ್ಲಿನ ಮರ್ಯಾದೆ ಕನ್ನಡನಾಡಿನಲ್ಲಿ ನಾಯಿಗೂ ದೊರೆತಿತ್ತು.

ಬೆಂಗಳೂರಿನಲ್ಲಿ ನಾಯಿ ಮನೆಯೊಳಕ್ಕೆ ಬಂದು ಕುಟುಂಬದ ಮೆಂಬರಾದದ್ದು ಹೆಚ್ಚಾಗಿ ದಂಡಿನ ಕಡೆಯಿಂದ. 1809ರಲ್ಲಿ ಇಂಗ್ಲಿಷರ ದಂಡು ಹಲಸೂರಿನ ಕಡೆ ನೆಲೆಯೂರಿತು. ವಿಶಾಲವಾದ ಕಾಂಪೌಂಡು, ನಡುವೆ ಬಂಗಲೆ, ವರಾಂಡದಲ್ಲಿ ಮಲಗುವ ನಾಯಿ, ಸಂಜೆ ಅದನ್ನು ಸರಪಣಿಯಲ್ಲಿ ಹಿಡಿದು ತಿರುಗಾಡಿಸುವ ಆಳು: ಇದು ಆ ಭಾಗದ ಜೀವನದ ಅಂಗವಾಯಿತು. ಪ್ಲೇಗಿನ ತರುವಾಯ ಅಲ್ಲಿಯೂ ಇಕ್ಕಟ್ಟನ್ನು ಬಿಡಿಸುವ ಉದ್ದೇಶದಿಂದ 1910ರಲ್ಲಿ ಫ್ರೇಜರ್ ಟೌನ್ ಹುಟ್ಟಿತು. ಸಂಸ್ಥಾನದ ಊರೂ ಇಂಗ್ಲಿಷರ ದಂಡೂ 1949ರಲ್ಲಿ ಒಂದೇ ಕಾರ್ಪೊರೇಷನ್ನಾಗಿ ಕೂಡಿಕೊಂಡರೂ, ನಾಯಿಯ ವಿಷಯದ ಎರಡು ಸಂಪ್ರದಾಯಗಳು ಇನ್ನೂ ಪೂರ್ಣವಾಗಿ ಕೂಡಿಕೊಂಡಿಲ್ಲ. ಪಶ್ಚಿಮದಲ್ಲಿ ಬೀದಿಗೆ ಅನ್ನ. ಪೂರ್ವದಲ್ಲಿ ಮನೆಯೊಳಗೆ ಹಾಸಿಗೆ.

ಬೀದಿನಾಯಿಯ ಭಯವೂ ಸುಳ್ಳಲ್ಲ. ಹುಚ್ಚುನಾಯಿಯ ಕಡಿತಕ್ಕೆ ಪಾಸ್ತರನು 1885ರಲ್ಲಿ ಚಿಕಿತ್ಸೆಯನ್ನು ತೋರಿಸಿಕೊಟ್ಟ ಮೇಲೆ ನಮ್ಮ ದೇಶದಲ್ಲಿ ಕಸೌಲಿಯಲ್ಲಿ 1900ರಲ್ಲಿಯೂ ಕೂನೂರಿನಲ್ಲಿ 1907ರಲ್ಲಿಯೂ ಅದಕ್ಕಾಗಿ ಸಂಸ್ಥೆಗಳು ಏರ್ಪಟ್ಟುವು. ಕೊಲ್ಲುವುದೇ ಉಪಾಯವೆಂಬ ಹಳೆಯ ಪದ್ಧತಿಯನ್ನು ಬಿಟ್ಟು, ಸಂತಾನಹರಣ ಮಾಡಿ ಲಸಿಕೆ ಹಾಕಿ ಅದೇ ಬೀದಿಗೆ ಬಿಡಬೇಕೆಂದು 2001ರ ನಿಯಮಗಳು ಹೇಳಿದುವು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದುವು. 2025ರಲ್ಲಿ ವಿಷಯ ಸರ್ವೋಚ್ಚ ನ್ಯಾಯಾಲಯದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಸಾಕಿದ ನಾಯಿಯನ್ನು ಹಿಡಿದು ನಡೆಯುವವನಿಗೆ ಬೀದಿಯ ನಾಯಿಗಳ ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ಬಾಡಿಗೆಯ ಮೊತ್ತದಷ್ಟೇ ಮುಖ್ಯವಾದ ಸಂಗತಿ.

1945ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಲ್ಲಿ ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಬಿತ್ತು. ಅಲ್ಲಿಯವರೆಗೆ ಕಾಲಳತೆಯ ಲೆಕ್ಕ ಸ್ವಲ್ಪಮಟ್ಟಿಗೆ ನಡೆಯಿತೆನ್ನಬಹುದು. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರದ ಸುತ್ತ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಮೊದಲು ಕೆಲಸ ಅಲ್ಲಿಗೆ ಹೋಯಿತು, ಮನೆಗಳು ಅದರ ಬೆನ್ನಟ್ಟಿ ಬಂದುವು. ನಡುವೆ ದಾರಿಯ ವಿಚಾರವನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ. ಎತ್ತರದ ಅಪಾರ್ಟ್‌ಮೆಂಟುಗಳ ಗೇಟಿನೊಳಗೆ ಹೂದೋಟವಿದ್ದು, ಗೇಟಿನ ಹೊರಗೆ ಕಾಲಿಡಲು ಚರಂಡಿಯ ಕಲ್ಲು ಮಾತ್ರ ಇರುವ ಬೀದಿಗಳನ್ನು ನಾನು ಆ ಹೊಸ ಭಾಗಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ನನ್ನ ಹಳೆಯ ಶಿಷ್ಯನೊಬ್ಬನಿಗೆ ಹೋದ ವರುಷ ಬ್ಯಾಂಕಿನಲ್ಲಿ ಬಡ್ತಿಯಾಗಿ ಬೆಂಗಳೂರಿಗೆ ವರ್ಗವಾಯಿತು. ಅವನ ಮನೆಯಲ್ಲಿ ಕರಿಯನೆಂಬ ಹನ್ನೊಂದು ವರುಷದ ಊರುನಾಯಿಯಿದ್ದಿತು. ನೆಂಟರು, ಅದನ್ನು ಇಲ್ಲಿಯೇ ಯಾರಿಗಾದರೂ ಕೊಟ್ಟುಹೋಗೆಂದು ಬುದ್ಧಿ ಹೇಳಿದರು. ಅವನ ಹೆಂಡತಿ ಒಪ್ಪಲಿಲ್ಲ. “ಮೇಷ್ಟ್ರೇ, ಮುದಿನಾಯಿಯನ್ನು ಯಾರು ತೆಗೆದುಕೊಳ್ಳುತ್ತಾರೆ, ನೀವೇ ಹೇಳಿ” ಎಂದು ನನ್ನನ್ನು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಮನೆ ಹುಡುಕಲು ನಾನೂ ಎರಡು ದಿನ ಜೊತೆಗೆ ಹೋದೆನು. ಬಸವನಗುಡಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಮುತ್ತೈದೆಯೊಬ್ಬರು ಗೇಟಿನ ಬಳಿ ಮೂರು ಬೀದಿನಾಯಿಗಳಿಗೆ ಮೊಸರನ್ನ ಹಾಕುತ್ತಿದ್ದರು. ಇಲ್ಲಿ ಕೆಲಸ ಆದಂತೆಯೇ ಎಂದುಕೊಂಡೆವು. ಆಕೆ ಕರಿಯನ ವಿಷಯ ಕೇಳಿ, “ಇವಕ್ಕೆ ಹಾಕದೆ ನಾನು ಊಟಕ್ಕೆ ಕೂರೋಳಲ್ಲಪ್ಪ. ಆದರೆ ಒಳಗೆ ಮಾತ್ರ ಬೇಡ, ಮಡಿ ಇದೆ” ಎಂದರು. ವೈಶ್ವದೇವದ ಬಲಿ ಹೊಸ್ತಿಲಿನ ಯಾವ ಕಡೆಗೆ ಸೇರಿದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಪಾಠಶಾಲೆಯಲ್ಲಿಯೂ ಕೇಳಿರಲಿಲ್ಲ. ಮಲ್ಲೇಶ್ವರದ ಯಜಮಾನರೊಬ್ಬರು ಕಾರಣವನ್ನೂ ಹೇಳದೆ ಬಾಗಿಲು ಹಾಕಿಕೊಂಡರು. ದೂರದ ಅಪಾರ್ಟ್‌ಮೆಂಟೊಂದರಲ್ಲಿ ನಾಯಿಗೆ ಅಡ್ಡಿಯಿರಲಿಲ್ಲ, ನಡೆಯಲು ಬೀದಿಯಿರಲಿಲ್ಲ.

ಎರಡನೆಯ ದಿನ ಫ್ರೇಜರ್ ಟೌನಿನಲ್ಲಿ ಒಂದು ಹಳೆಯ ಮನೆಯ ಕೆಳಅಂತಸ್ತು ಒಪ್ಪಿತವಾಯಿತು. ಮುಂಗಡ ಕೊಡುವುದಕ್ಕೆ ಮೊದಲು ಆ ಬೀದಿಯಲ್ಲಿ ಬೆಳಗಿನ ಆರು ಗಂಟೆಗೊಮ್ಮೆ, ರಾತ್ರಿ ಏಳು ಗಂಟೆಗೊಮ್ಮೆ ನಡೆದು ನೋಡೆಂದು ನಾನು ಅವನಿಗೆ ಹೇಳಿದೆನು. ಬೆಳಗಿನ ಬೀದಿಗೂ ಸಂಜೆಯ ಬೀದಿಗೂ ಸಂಬಂಧವೇ ಇಲ್ಲ: ಬೆಳಗ್ಗೆ ಬರಿದಾಗಿದ್ದ ಕಾಲುದಾರಿ ಸಂಜೆ ಗಾಡಿಗಳಿಂದ ತುಂಬಿತ್ತು. ಹಾಲಿನಂಗಡಿ, ಔಷಧಿಯಂಗಡಿ, ಪಶುವೈದ್ಯರು ಇವರೆಲ್ಲ ಕರಿಯನ ನಿಧಾನವಾದ ನಡಿಗೆಗೆ ಹತ್ತು ನಿಮಿಷದೊಳಗೆ ಸಿಕ್ಕುವರೇ ಎಂದೂ ಅಳೆದೆವು. ಸಿಕ್ಕಿದರು. ಕಚೇರಿ ಮಾತ್ರ ದೂರ. ಅದನ್ನು ಅವನು ಸಹಿಸಿಕೊಂಡನು. ರೈಲಿನಲ್ಲಿ ನಾಯಿಯನ್ನು ಒಯ್ಯಬೇಕಾದರೆ ಮೊದಲನೆಯ ದರ್ಜೆಯ ಪ್ರತ್ಯೇಕ ಕೋಣೆಯನ್ನು ಹಿಡಿಯಬೇಕು, ಇಲ್ಲವೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಅವರು ಸಾಮಾನಿನ ಲಾರಿಯ ಹಿಂದೆ ಬಾಡಿಗೆ ಕಾರು ಮಾಡಿಕೊಂಡು ಹೋದರು.

ಹೀಗೆ ಹೋಗುವವರು ತಿಳಿದಿರಬೇಕಾದ ಒಂದು ಸಂಗತಿಯುಂಟು. ನಿವಾಸಿಗಳ ಸಂಘವು ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿಗಳನ್ನು ನಿಷೇಧಿಸಲಾಗದು, ಲಿಫ್ಟಿನಲ್ಲಿ ಒಯ್ಯುವುದನ್ನು ತಡೆಯಲಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿಯವರು 2015ರಲ್ಲಿ ಸೂಚನೆಗಳನ್ನು ಹೊರಡಿಸಿದ್ದಾರೆ. ಬಾಡಿಗೆಗೆ ಕೊಡಲು ಮನಸ್ಸಿಲ್ಲದ ಯಜಮಾನನ ಮನಸ್ಸನ್ನು ಯಾವ ಸೂಚನೆಯೂ ತಿದ್ದಲಾರದೆಂಬುದು ಬೇರೆ ಮಾತು.

1870ರಲ್ಲಿ ಸ್ಯಾಂಕಿ ಸಾಹೇಬನು ಏರ್ಪಡಿಸಿದ ಕಬ್ಬನ್ ಪಾರ್ಕು ಊರಿಗೂ ದಂಡಿಗೂ ನಡುವಣ ಎಲ್ಲೆಯಂತಿದ್ದ ಉದ್ಯಾನ. 2022ರಲ್ಲಿ ಅದರೊಳಕ್ಕೆ ಸಾಕುನಾಯಿಗಳನ್ನು ಬಿಡಬಾರದೆಂಬ ಮಾತು ಸರಕಾರದ ಕಡೆಯಿಂದ ಹೊರಟಾಗ ನಾಯಿಗಳನ್ನು ಸಾಕಿದವರು ಬಲವಾಗಿ ವಿರೋಧಿಸಿದರು. ಅಲ್ಲಿಯ ಮರಗಳ ಕೆಳಗೆ ನಡೆದು ಕಸ್ತೂರಬಾ ರಸ್ತೆಯ ಅಂಚಿಗೆ ಬಂದರೆ ಸರಕಾರದ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ ಸಿಕ್ಕುತ್ತದೆ. ಆತಕೂರಿನ ಕಲ್ಲು ಅದರ ಸಂಗ್ರಹಕ್ಕೆ ಸೇರಿದೆ. ಮೇಲ್ಗಡೆಯಲ್ಲಿ ಕಾಳಿಯೂ ಹಂದಿಯೂ ಎದುರುಬದುರಾಗಿ ಕೆತ್ತಲ್ಪಟ್ಟಿವೆ.