ದಾನದಿಂದ ಪರಸ್ಪರ ಸಾಲನಿಧಿಗೆ

ಹಸಿದವನಿಗೆ ಅನ್ನ, ರೋಗಿಗೆ ಔಷಧ ನೀಡುವುದು ದಾನದ ಮಾರ್ಗ. ಆದರೆ ದುಡಿಯುವ ಶಕ್ತಿಯಿದ್ದೂ ಬಂಡವಾಳವಿಲ್ಲದವನಿಗೆ ಯಾವುದು ಉಪಕಾರ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಜರ್ಮನಿಯ ಒಬ್ಬ ಸಜ್ಜನನಿಗೆ ಹದಿನೇಳು ವರ್ಷಗಳು ಹಿಡಿದವು.

ಫ್ರೀಡ್ರಿಷ್ ವಿಲ್‌ಹೆಲ್ಮ್ ರೈಫೈಸನ್ (1818–1888) ವೇಯರ್‌ಬುಷ್ ಎಂಬಲ್ಲಿ ಮೇಯರನಾಗಿದ್ದಾಗ 1846-47ರ ಕ್ಷಾಮ ಬಂದಿತು. ಆತ ಉಳ್ಳವರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ಬಡವರಿಗೆ ಅಗ್ಗದ ರೊಟ್ಟಿ ದೊರಕಿಸಿದನು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಕಟ್ಟಿದ ಸಂಘವು ಬಡ ರೈತರಿಗೆ ದನಗಳನ್ನು ಕೊಡಿಸಿ, ಬೆಲೆಯನ್ನು ಕಂತುಗಳಲ್ಲಿ ಪಡೆಯಿತು. 1854ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಧರ್ಮಕಾರ್ಯದ ಸಂಘವೊಂದು ಹುಟ್ಟಿತು. ಇವೆಲ್ಲವೂ ಧನಿಕರ ಔದಾರ್ಯವನ್ನು ಆಶ್ರಯಿಸಿದ್ದವು. ಉತ್ಸಾಹ ತಗ್ಗಿದಂತೆ ಸಂಘಗಳೂ ಸೊರಗಿದವು. ಆದುದರಿಂದ 1864ರಲ್ಲಿ ಆತ ಅಲ್ಲಿಯ ಸಂಘವನ್ನು ಸಾಲ ಪಡೆಯುವವರೇ ಸದಸ್ಯರಾಗಿರುವ ಸಾಲನಿಧಿಯಾಗಿ ಮಾರ್ಪಡಿಸಿದನು.

ಅದರ ನಿಯಮಗಳು ಸರಳ. ಪರಸ್ಪರ ಬಲ್ಲವರೇ ಸೇರುವಂತೆ ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು. ಸಂಘದ ಋಣಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದೊಡನೆ ಹೊಣೆಯಾಗಬೇಕು. ಆಡಳಿತ ನಡೆಸುವವರು ವೇತನ ಪಡೆಯಬಾರದು. ಲಾಭವನ್ನು ಹಂಚದೆ ಕಾದಿಟ್ಟ ನಿಧಿಗೆ ಸೇರಿಸಬೇಕು. ಹೀಗೆ ಅಡವಿಡಲು ಒಡವೆಯಿಲ್ಲದವನಿಗೆ ಅವನ ನಡತೆಯೇ ಜಾಮೀನಾಯಿತು. ಸಾಲದ ಹಣ ಬಿತ್ತನೆಗೆ ಹೋಯಿತೋ ಆಡಂಬರಕ್ಕೆ ಹೋಯಿತೋ ಎಂದು ಕೇಳುವ ಹಕ್ಕು ನೆರೆಯವನಿಗೆ ಬಂದಿತು.

ಭಾರತದಲ್ಲಿಯೂ ಆಗ ರೈತನ ಋಣಭಾರ ಅಸಹನೀಯವಾಗಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ಸುಟ್ಟರು. ಮುಂದೆ ಮದ್ರಾಸ್ ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಅಧ್ಯಯನಕ್ಕೆ ನೇಮಿಸಿತು. 1895ರಲ್ಲಿ ಹೊರಬಂದ ಅವರ ವರದಿಯು ರೈಫೈಸನ್ ಮಾದರಿಯನ್ನೇ ಎತ್ತಿಹಿಡಿಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಮೊದಲ ಕೃಷಿ ಸಹಕಾರಿ ಪತ್ತಿನ ಸಂಘಗಳಲ್ಲೊಂದು ಸ್ಥಾಪನೆಯಾಯಿತು. ಕನ್ನಡ ನಾಡಿಗೆ ಇದು ಅಭಿಮಾನದ ಸಂಗತಿ.

ಆದರೆ ಇತಿಹಾಸವು ಎಚ್ಚರಿಕೆಯನ್ನೂ ನೀಡುತ್ತದೆ. ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ. ಸಂಘಕ್ಕೆ ನೋಂದಣಿ ಕೊಡುವುದು ಕಾಯಿದೆಗೆ ಸಾಧ್ಯ. ಸದಸ್ಯರಲ್ಲಿ ಪರಸ್ಪರ ಹೊಣೆಯನ್ನು ಹುಟ್ಟಿಸುವುದು ಅದಕ್ಕೆ ಅಸಾಧ್ಯ. ಸಾಲ ಕೊಡುವಾಗ ಪಕ್ಷಪಾತ, ವಸೂಲಿಯಲ್ಲಿ ದಾಕ್ಷಿಣ್ಯ ಇವೆರಡೂ ಎಂತಹ ನಿಧಿಯನ್ನೂ ಕರಗಿಸಬಲ್ಲವು.

ಇಂದು ರೈತನಂತೆಯೇ, ವಿದ್ಯಾಭ್ಯಾಸ ಮುಗಿಸಿ ಸ್ವಂತ ಉದ್ಯೋಗ ಹೂಡಬಯಸುವ ತರುಣ ತರುಣಿಯರೂ ಬಂಡವಾಳಕ್ಕಾಗಿ ಪರದಾಡುತ್ತಾರೆ. ಅವರಿಗಾಗಿ ನಿಧಿ ಸ್ಥಾಪಿಸಲು ಮನಸ್ಸು ಮಾಡುವ ಟ್ರಸ್ಟುಗಳು ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಸಾಲ ಪಡೆಯುವವನಿಗೆ ನಿಧಿಯ ಆಡಳಿತದಲ್ಲಿ ಮಾತಿದೆಯೆ? ಲೆಕ್ಕಪತ್ರ ಎಲ್ಲರ ಕಣ್ಣಿಗೆ ಬೀಳುತ್ತದೆಯೆ? ಟ್ರಸ್ಟಿನ ಬಂಧುವಿಗೂ ಅಪರಿಚಿತನಿಗೂ ಒಂದೇ ನಿಯಮವೆ? ದಾನದ ಹಣ ಒಬ್ಬನ ಕಷ್ಟವನ್ನು ಒಮ್ಮೆ ನೀಗುತ್ತದೆ. ಪ್ರಾಮಾಣಿಕವಾಗಿ ಮರಳಿ ಬಂದ ಸಾಲದ ಹಣ ಮುಂದಿನ ವರ್ಷ ಇನ್ನೊಬ್ಬನ ಬಿತ್ತನೆಗೆ ಒದಗುತ್ತದೆ. ತೀರಿಸಿದವನೂ ತಲೆಯೆತ್ತಿ ನಡೆಯುತ್ತಾನೆ.