ಕ್ಷಕಿರಣವೂ ಲಾಲಾರಸವೂ

ರೋಗವನ್ನು ಗುರುತಿಸುವುದು ಒಂದು ವಿದ್ಯೆ. ಚಿಕಿತ್ಸೆಯಿಂದಲೇ ಹುಟ್ಟುವ ಉಪದ್ರವವನ್ನು ಮುಂಚಿತವಾಗಿ ಹೇಳುವುದು ಬೇರೊಂದು ವಿದ್ಯೆ. ವಮನವಿರೇಚನಾದಿಗಳಿಂದ ಒದಗುವ ವ್ಯಾಪತ್ತುಗಳನ್ನು ಚರಕಸಂಹಿತೆಯ ಸಿದ್ಧಿಸ್ಥಾನವು ವಿಸ್ತಾರವಾಗಿ ವಿಚಾರಿಸಿರುವುದು ಪಂಡಿತರಿಗೆ ವಿದಿತವೇ ಆಗಿದೆ. ಕ್ಷಕಿರಣಚಿಕಿತ್ಸೆಯ ವಿಷಯದಲ್ಲಿ ಅಂತಹ ವಿಚಾರವು ಮೊದಲು ಬೆಳೆದುದು ಫ್ರಾನ್ಸ್ ದೇಶದಲ್ಲಿ. ಅದು ಬಾಯಿಯ ಒಳಪೊರೆಯಲ್ಲಿ ಗೆದ್ದು, ಲಾಲಾರಸದಲ್ಲಿ ಸೋತಿತು.

1895ರಲ್ಲಿ ಜರ್ಮನಿಯ ರಂಟ್ಜನ್ ಪಂಡಿತನು ಕ್ಷಕಿರಣಗಳನ್ನು ಕಂಡುಹಿಡಿದನು. 1906ರಲ್ಲಿ ಬೋರ್ದೋ ಪಟ್ಟಣದ ಬರ್ಗೋನಿಯೆ ಮತ್ತು ತ್ರಿಬೋಂದೋ ಎಂಬ ವೈದ್ಯರಿಬ್ಬರು ಇಲಿಗಳ ಮೇಲೆ ಪ್ರಯೋಗ ನಡೆಯಿಸಿ ಒಂದು ಸೂತ್ರವನ್ನು ಪ್ರಕಟಿಸಿದರು. ಬೇಗಬೇಗನೆ ಒಡೆದು ಹೆಚ್ಚುವ, ಇನ್ನೂ ಪರಿಣತಿ ಹೊಂದದ ಜೀವಕಣಗಳು ಕಿರಣಕ್ಕೆ ಸುಲಭವಾಗಿ ಈಡಾಗುವುವು. ಪಕ್ವವಾಗಿ ನೆಲೆನಿಂತ ಕಣಗಳು ತಾಳಿಕೊಳ್ಳುವುವು ಎಂಬುದೇ ಅದರ ತಾತ್ಪರ್ಯ. ಅರ್ಬುದವು ಸುಟ್ಟು ಸುತ್ತಣ ಅಂಗವು ಉಳಿಯುವುದಕ್ಕೆ ಇದೇ ಆಧಾರವೆಂದು ಎಣಿಸಲಾಯಿತು.

ಬಾಯಿಯ ಒಳಪೊರೆಯು ಸದಾ ಸವೆಯುತ್ತ ಸದಾ ಹೊಸದಾಗುತ್ತಿರುವುದು. ಆದುದರಿಂದ ಸೂತ್ರದ ಪ್ರಕಾರ ಅದು ಹುಣ್ಣಾಗಲೇಬೇಕು, ಆಯಿತು ಕೂಡ. ಪ್ಯಾರಿಸಿನ ರೇಡಿಯಂ ಸಂಸ್ಥೆಯಲ್ಲಿ ಕ್ಲೋದ್ ರೆಗೊ, ಆಂರಿ ಕೂತಾರ್ ಇವರು 1920ರ ದಶಕದಲ್ಲಿ ಕಿರಣವನ್ನು ಒಂದೇ ಬಾರಿಗೆ ಕೊಡದೆ ಅನೇಕ ದಿನಗಳಿಗೆ ಹಂಚಿ ಕೊಡುವ ಪದ್ಧತಿಯನ್ನು ಬೆಳೆಸಿದರು. ಸುಮಾರು ಎರಡು ವಾರಗಳಿಗೆ ಒಳಪೊರೆಯೂ, ಅದಕ್ಕಿಂತ ತಡವಾಗಿ ಹೊರಚರ್ಮವೂ ಕೆರಳುವುದನ್ನು ಕೂತಾರನು ಕಂಡನು. ಪಂಚಾಂಗದಲ್ಲಿ ಗ್ರಹಣವನ್ನು ಬರೆದಿಡುವಂತೆ ಹುಣ್ಣಿನ ಕಾಲವನ್ನು ಮೊದಲೇ ಹೇಳಬಹುದಾಯಿತು.

ಲಾಲಾಗ್ರಂಥಿಗಳ ಕಣಗಳಾದರೋ ಪಕ್ವವಾದುವು, ನಿಧಾನವಾಗಿ ಒಡೆಯುವುವು. ಅವು ತಾಳಿಕೊಳ್ಳಬೇಕಾಗಿತ್ತು, ತಾಳಿಕೊಳ್ಳಲಿಲ್ಲ. ಚಿಕಿತ್ಸೆಯ ಮೊದಲ ವಾರದಲ್ಲಿಯೇ ಜೊಲ್ಲು ಅರ್ಧಕ್ಕೆ ಅಥವಾ ಅದಕ್ಕಿಂತಲೂ ಕೆಳಗೆ ಇಳಿಯುವುದುಂಟು. ಇದನ್ನು 1911ರಲ್ಲಿ ಸ್ಪೆಡರನೊಡನೆ ಮೊದಲು ಬರೆದಿಟ್ಟವನು ಸೂತ್ರಕಾರನಾದ ಬರ್ಗೋನಿಯೆಯೇ! ತನ್ನ ಸೂತ್ರಕ್ಕೆ ತಾನೇ ಅಪವಾದವನ್ನು ದಾಖಲಿಸಿದ ಈ ಪ್ರಾಮಾಣಿಕತೆಯು ಸೂತ್ರಕ್ಕಿಂತಲೂ ದೊಡ್ಡದೆನ್ನಬಹುದು. ಕಿರಣಗಳ ಗಾಯದಿಂದಲೇ ಆತನು 1925ರಲ್ಲಿ ಮೃತನಾದನು. ಆ ಅಪವಾದಕ್ಕೆ ಕಾರಣವೇನೆಂಬ ಚರ್ಚೆಯು ಇಂದಿಗೂ ನಿಂತಿಲ್ಲ.

ಜೊಲ್ಲೆಂದರೆ ಅನೇಕರಿಗೆ ಅಸಹ್ಯ. ಅದು ಬತ್ತಿದವನಿಗೆ ಮಾತ್ರ ಅದರ ಬೆಲೆ ಗೊತ್ತು: ತುತ್ತು ಇಳಿಯದು, ಮಾತು ತೊಡರುವುದು, ರುಚಿ ತಪ್ಪುವುದು. ಹಲ್ಲುಗಳಂತೂ ಬುಡದಲ್ಲಿ ಕೊಳೆತು ಮುರಿಯುವುವು. ಈ ದಂತಕ್ಷಯವನ್ನು ದೆಲ್ ರೆಗಾತೋ ಎಂಬ ವೈದ್ಯನು 1939ರಲ್ಲಿ ವರ್ಣಿಸಿದನು. ಚಿಕಿತ್ಸೆಗೆ ಮೊದಲೇ ದಂತವೈದ್ಯನು ಬಾಯಿಯನ್ನು ಪರೀಕ್ಷಿಸಬೇಕೆಂಬ ಇಂದಿನ ನಿಯಮಕ್ಕೆ ಇಂತಹ ಅನುಭವಗಳೇ ಮೂಲ.

ಸೂತ್ರವು ಕೈಬಿಟ್ಟಲ್ಲಿ ಗಣಿತವು ಬಂದಿತು. ಆದರೆ ಬಹಳ ತಡವಾಗಿ. ಕಿವಿಯ ಬಳಿಯ ಗ್ರಂಥಿಗಳಲ್ಲಿ ಒಂದಕ್ಕಾದರೂ ಬೀಳುವ ಸರಾಸರಿ ಕಿರಣವು ಸುಮಾರು 20 ಗ್ರೇ ಎಂಬ ಮಾನಕ್ಕಿಂತ ಕಡಮೆಯಿದ್ದರೆ, ಅಥವಾ ಎರಡಕ್ಕೂ 25ಕ್ಕಿಂತ ಕಡಮೆಯಿದ್ದರೆ, ತೀವ್ರವಾದ ಒಣಬಾಯಿಯು ಸಾಮಾನ್ಯವಾಗಿ ತಪ್ಪುವುದೆಂದು 2010ರಲ್ಲಿ ತಜ್ಞರು ನಿರ್ಣಯಿಸಿದರು. ಮರುವರ್ಷ ಬ್ರಿಟನ್ನಿನಲ್ಲಿ ಗಂಟಲಿನ ಕ್ಯಾನ್ಸರುಳ್ಳ 94 ರೋಗಿಗಳ ಪರೀಕ್ಷೆಯೊಂದು ಪ್ರಕಟವಾಯಿತು. ಹಳೆಯ ವಿಧಾನದಲ್ಲಿ ಒಂದು ವರ್ಷದ ಮೇಲೆ ನೂರಕ್ಕೆ 74 ಮಂದಿಗೆ ಗಣನೀಯವಾದ ಒಣಬಾಯಿಯಿದ್ದರೆ, ಗ್ರಂಥಿಗಳನ್ನು ತಪ್ಪಿಸಿ ಕಿರಣವನ್ನು ಹಾಯಿಸಿದಾಗ 38 ಮಂದಿಗೆ ಮಾತ್ರ ಇದ್ದಿತು.

ಬಾಯಿಯ ಅರ್ಬುದದಲ್ಲಿ ಈ ಲೆಕ್ಕವು ಇನ್ನೂ ಕಠಿನ. ದವಡೆಯ ಕೆಳಗಣ ಗ್ರಂಥಿಗಳು ರೋಗಕ್ಕೆ ತೀರ ಸಮೀಪದಲ್ಲಿರುವುವು. ಶಸ್ತ್ರಕ್ರಿಯೆಯಲ್ಲಿ ಎಷ್ಟೋ ಸಲ ಅವನ್ನೇ ತೆಗೆಯಬೇಕಾಗುವುದು. ಊಟವಿಲ್ಲದ ಹೊತ್ತಿನಲ್ಲಿ ಬಾಯನ್ನು ತೇವವಾಗಿಡುವ ರಸವು ಬಹುಪಾಲು ಅವುಗಳದು. ಆದುದರಿಂದ ಕಿವಿಯ ಬಳಿಯ ಗ್ರಂಥಿಗಳನ್ನು ಉಳಿಸಿಕೊಂಡ ರೋಗಿಯು ಹಗಲು ಅನ್ನವನ್ನು ನುಂಗಬಲ್ಲನಾದರೂ, ನಡುರಾತ್ರಿಯಲ್ಲಿ ಅಂಗುಳಕ್ಕಂಟಿದ ನಾಲಗೆಯೊಡನೆ ಎಚ್ಚತ್ತು ನೀರಿಗಾಗಿ ತಡಕುವನು.